ಬಳ್ಳಾರಿಯ 583101: ಒಂದು ಸಂಖ್ಯೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ ಪ್ರಧಾನ ಅಂಚೆ ಕಚೇರಿಯ ಪಿನ್ ಕೋಡ್ 583101. ರೇಷನ್ ಕಾರ್ಡಿನ ಅರ್ಜಿಯಿಂದ ಹಿಡಿದು ಕಾಲೇಜು ಪ್ರವೇಶದ ಅರ್ಜಿಯವರೆಗೆ ಈ ಊರಿನವರು ಬರೆಯುತ್ತಲೇ ಇರುವ ಆರು ಅಂಕಿಗಳಿವು. ಗಣಿತ ಕಲಿಯಲು ಬರುವ ಮಕ್ಕಳಿಗೆ ಬಿಡಿಸಿ ನೋಡಿ ಎಂದು ನಾನು ಕೊಡುವ ಮೊದಲ ದೊಡ್ಡ ಸಂಖ್ಯೆಯೂ ಇದೇ. ಅವರೂ ಅವರ ಮನೆಯವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಓದುವಾಗ ಪಕ್ಕದಲ್ಲಿ ಹಾಳೆ, ಪೆನ್ನು ಇರಲಿ.

ಪಿನ್ ಕೋಡ್ ಬರೀ ಗುರುತು. ಅದರಲ್ಲಿ ಗಣಿತ ಹುಡುಕುವುದಕ್ಕೆ ಅರ್ಥವಿದೆಯೇ?

ಅಂಚೆಯವರಿಗೆ ಅದು ಗುರುತು ಮಾತ್ರ. ಎರಡು ಪಿನ್ ಕೋಡ್‌ಗಳನ್ನು ಕೂಡಿದರೆ ಮೂರನೆಯ ಊರು ಸಿಗುವುದಿಲ್ಲ. ಆದರೆ ಅದನ್ನೇ 5,83,101 ಎಂದು ಅಲ್ಪವಿರಾಮ ಹಾಕಿ ಬರೆದು, ಐದು ಲಕ್ಷ ಎಂಬತ್ತಮೂರು ಸಾವಿರದ ನೂರಾ ಒಂದು ಎಂದು ಓದಿ ನೋಡಿ. ಈಗ ಅದು ಒಂದು ಪರಿಮಾಣ. ಯಾರೂ ಇಟ್ಟುಕೊಡದ, ಯಾರೂ ಬದಲಿಸಲಾಗದ ಗುಣಗಳು ಅದಕ್ಕೆ ಇವೆ.

ಒಂದು ಭೇದವನ್ನು ಮಾತ್ರ ಕೊನೆಯವರೆಗೂ ಮನಸ್ಸಿನಲ್ಲಿಡಬೇಕು. ಈ ಸಂಖ್ಯೆಯ ಬಗ್ಗೆ ಹೇಳುವ ಕೆಲವು ಮಾತುಗಳು ಅಂಚೆ ಇಲಾಖೆಗೆ ಸೇರಿದವು. ಕೆಲವು ನಾವು ಹತ್ತರ ಆಧಾರದಲ್ಲಿ, ಅಂದರೆ 0ರಿಂದ 9ರವರೆಗಿನ ಹತ್ತು ಅಂಕಿಗಳಲ್ಲಿ, ಬರೆಯುತ್ತೇವೆ ಎಂಬ ಕಾರಣಕ್ಕೆ ಹುಟ್ಟಿದವು. ಉಳಿದವು ಸಂಖ್ಯೆಯ ಸ್ವಂತ ಗುಣಗಳು. ಯಾವ ಲಿಪಿಯಲ್ಲಿ, ಯಾವ ಆಧಾರದಲ್ಲಿ ಬರೆದರೂ ಅವು ಹಾಗೆಯೇ ಇರುತ್ತವೆ. ಮಕ್ಕಳು ಈ ಮೂರನ್ನು ಬೇರೆ ಮಾಡಲು ಕಲಿತರೆ ಸಂಖ್ಯೆಗಳ ಹೆಸರಿನಲ್ಲಿ ಯಾರೂ ಅವರಿಗೆ ಮೋಸ ಮಾಡಲಾರರು ಎಂಬುದು ನನ್ನ ಗಟ್ಟಿ ನಂಬಿಕೆ.

ಅಂಚೆ ಇಲಾಖೆಯ ಪಾಲು ಎಷ್ಟು?

ಪಿನ್ ಕೋಡ್ ಪದ್ಧತಿ ಬಂದದ್ದು 1972ರ ಆಗಸ್ಟ್ 15ರಂದು. ಮೊದಲ ಅಂಕಿ 5 ಎಂದರೆ ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳಿರುವ ವಲಯ. ಮೊದಲ ಮೂರು ಅಂಕಿ ಸೇರಿ ಅಂಚೆ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಬಟವಾಡೆ ಕಚೇರಿ. ಕೊಪ್ಪಳ 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರೆಯಾಯಿತು. ಆದರೂ ಕೊಪ್ಪಳ ಪಟ್ಟಣದ ಪಿನ್ 583231, ಬಳ್ಳಾರಿಯ ಹಾಗೆಯೇ 583ರಿಂದ ಶುರುವಾಗುತ್ತದೆ. ರಾಯಚೂರಿನದು 584101. ಅಂಚೆಯ ಗಡಿ ಬೇರೆ, ಆಡಳಿತದ ಗಡಿ ಬೇರೆ.

ಆರಂಕಿಯ ಸಂಖ್ಯೆಯನ್ನು ದೊಡ್ಡದು ಎನ್ನಬಹುದೇ?

ಕೈಯಲ್ಲಿ ಲೆಕ್ಕ ಮಾಡುವವರಿಗೆ ಖಂಡಿತ ದೊಡ್ಡದು. ಸೆಕೆಂಡಿಗೆ ಒಂದರಂತೆ ನಿದ್ದೆ, ಊಟ ಬಿಟ್ಟು ಎಣಿಸಿದರೆ ಇಲ್ಲಿಗೆ ತಲುಪಲು 6 ದಿನ 17 ಗಂಟೆ 58 ನಿಮಿಷ 21 ಸೆಕೆಂಡು ಬೇಕು.

ಇದು ಅವಿಭಾಜ್ಯ ಸಂಖ್ಯೆಯೇ? ಬಿಡಿಸುವುದು ಹೇಗೆ?

ಅವಿಭಾಜ್ಯವಲ್ಲ. ಹೆಚ್ಚು ಜನ ಕೇಳುವ ಪ್ರಶ್ನೆ ಇದೇ ಆದ್ದರಿಂದ ಹಂತ ಹಂತವಾಗಿ ಹೇಳುತ್ತೇನೆ.

ಕೊನೆಯ ಅಂಕಿ 1. ಆದ್ದರಿಂದ 2 ಮತ್ತು 5 ಭಾಗಿಸುವುದಿಲ್ಲ. ಅಂಕಿಗಳ ಮೊತ್ತ 5+8+3+1+0+1 = 18. ಇದು 9ರ ಮಗ್ಗಿಯಲ್ಲಿದೆ, ಹಾಗಾಗಿ ಸಂಖ್ಯೆಯನ್ನೂ 9 ಭಾಗಿಸುತ್ತದೆ: 5,83,101 ÷ 9 = 64,789. ಇದರ ಅಂಕಿಗಳ ಮೊತ್ತ 34, ಮುಂದೆ 3ರಿಂದ ಭಾಗವಾಗುವುದಿಲ್ಲ.

ಈಗ ಉಳಿದದ್ದು 64,789. ಇದರ ವರ್ಗಮೂಲ 254ಕ್ಕಿಂತ ಸ್ವಲ್ಪ ಹೆಚ್ಚು. ಇದನ್ನು ಎರಡು ಅಪವರ್ತನಗಳಾಗಿ ಒಡೆಯಬಹುದಾದರೆ ಒಂದಾದರೂ 254ನ್ನು ಮೀರುವುದಿಲ್ಲ. ಹಾಗಾಗಿ 7ರಿಂದ ಆರಂಭಿಸಿ ಅವಿಭಾಜ್ಯಗಳನ್ನು ಒಂದೊಂದಾಗಿ ಹಚ್ಚಿ ನೋಡಬೇಕು. 7ಕ್ಕೆ ಶೇಷ 4. 11ಕ್ಕೆ ಶೇಷ 10, ಅಂದರೆ ಒಂದೇ ಒಂದು ಕಡಿಮೆ. 13ಕ್ಕೆ ಮತ್ತೆ 10, 17ಕ್ಕೆ 2. 19ಕ್ಕೆ ಶೇಷ 18, 31ಕ್ಕೆ ಶೇಷ 30. ಇಲ್ಲೂ ಒಂದೇ ಕಡಿಮೆ. ಈ ಮೂರು ಕಡೆ ಕೂದಲೆಳೆಯಲ್ಲಿ ತಪ್ಪುವುದು ಆಕಸ್ಮಿಕವಲ್ಲ. ಮುಂದಿನ ಸಂಖ್ಯೆ 64,790ನ್ನು ಬಿಡಿಸಿದರೆ 2 × 5 × 11 × 19 × 31 ಬರುತ್ತದೆ. ಆ ಮೂರೂ ಪಕ್ಕದ ಮನೆಯಲ್ಲಿ ಕೂತಿವೆ.

ಹೀಗೆ ಮುಂದುವರಿದು 7ರಿಂದ ಎಣಿಸಿದರೆ ಹದಿನಾರನೆಯ ಅವಿಭಾಜ್ಯವಾದ 67ಕ್ಕೆ ಬಂದಾಗ ಶೇಷ ಸೊನ್ನೆ: 64,789 = 67 × 967.

ಅಲ್ಲಿಗೆ 5,83,101 = 3 × 3 × 67 × 967. ಇದಕ್ಕಿಂತ ಬೇರೆ ಬಗೆಯಲ್ಲಿ ಇದನ್ನು ಅವಿಭಾಜ್ಯಗಳಾಗಿ ಒಡೆಯಲು ಬರುವುದಿಲ್ಲ. ಹತ್ತನೆಯ ತರಗತಿಯ ಪುಸ್ತಕ ಅಂಕಗಣಿತದ ಮೂಲಭೂತ ಪ್ರಮೇಯ ಎಂದು ಕರೆಯುವುದು ಇದನ್ನೇ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಆ ಸಾಲು ತಮ್ಮೂರಿನ ಪಿನ್ ಕೋಡ್‌ನಲ್ಲಿ ಕಂಡಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು.

967 ಅವಿಭಾಜ್ಯ ಎಂದು ಮತ್ತೆ ಪರೀಕ್ಷಿಸಬೇಕಲ್ಲವೇ?

ಬೇಕಿಲ್ಲ. 967ಕ್ಕೆ 67ಕ್ಕಿಂತ ಚಿಕ್ಕ ಭಾಜಕ ಇದ್ದಿದ್ದರೆ ಅದು 64,789ನ್ನೂ ಭಾಗಿಸಬೇಕಿತ್ತು, ಮೊದಲೇ ಸಿಕ್ಕಿಬೀಳುತ್ತಿತ್ತು. 67 ಮತ್ತು ಅದಕ್ಕಿಂತ ದೊಡ್ಡ ಅವಿಭಾಜ್ಯಗಳೆರಡರ ಗುಣಲಬ್ಧ ಕನಿಷ್ಠ 4,489 ಆಗುತ್ತದೆ. 967 ಅಷ್ಟು ದೊಡ್ಡದಲ್ಲ. ಹಿಂದೆ ಮಾಡಿದ ಕೆಲಸವೇ ಇಲ್ಲಿ ಪುರಾವೆ.

67 ಮತ್ತು 967, ಎರಡೂ 67ರಲ್ಲೇ ಮುಗಿಯುತ್ತವೆ. ಏನಾದರೂ ಗುಟ್ಟಿದೆಯೇ?

ಇಲ್ಲ. ಅದು ಬರವಣಿಗೆಯ ಆಕಸ್ಮಿಕ. ಆದರೆ ಗುಣಿಸುವಾಗ ಅನುಕೂಲ: 67 × 900 = 60,300, ಅದಕ್ಕೆ 67ರ ವರ್ಗ 4,489 ಕೂಡಿದರೆ ಬಾಯಲ್ಲೇ 64,789. ಹೋಗುವ ದಾರಿಯಲ್ಲಿ ಇದನ್ನೂ ನೋಡಿ: 67ರ ವರ್ಗ 4,489, 667ರ ವರ್ಗ 4,44,889, 6,667ರ ವರ್ಗ 4,44,48,889. ನಾಲ್ಕುಗಳೂ ಎಂಟುಗಳೂ ಒಂದೊಂದಾಗಿ ಬೆಳೆಯುತ್ತ ಹೋಗುತ್ತವೆ.

ಅವಿಭಾಜ್ಯಗಳನ್ನು ಹಚ್ಚಿ ನೋಡದೆ ಬಿಡಿಸುವ ದಾರಿ ಇದೆಯೇ?

ಇದೆ, ಮತ್ತು ಅದು ನನಗೆ ಬಹಳ ಪ್ರಿಯವಾದ ದಾರಿ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ವಕೀಲಿ ವೃತ್ತಿಯಲ್ಲಿದ್ದ ಪಿಯರ್ ದ ಫರ್ಮಾ ತೋರಿಸಿಕೊಟ್ಟದ್ದು. ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಲು ಬಂದರೆ ಕೆಲಸ ಮುಗಿದಂತೆ, ಏಕೆಂದರೆ a² − b² ಎಂದರೆ (a − b)(a + b).

763ರ ವರ್ಗ 5,82,169; ನಮ್ಮ ಸಂಖ್ಯೆಗಿಂತ ಚಿಕ್ಕದು. 764ರ ವರ್ಗ 5,83,696, ದೊಡ್ಡದು. ಅಲ್ಲಿಂದ ಆರಂಭಿಸೋಣ. 764ರ ವರ್ಗದಿಂದ 5,83,101 ಕಳೆದರೆ 595. ಇದು ಪೂರ್ಣವರ್ಗವೇ? 5ರಲ್ಲಿ ಮುಗಿಯುವ ಪೂರ್ಣವರ್ಗದ ಕೊನೆಗೆ 25 ಇರಲೇಬೇಕು, ಇದಕ್ಕಿಲ್ಲ. 765ಕ್ಕೆ ಹೊಸದಾಗಿ ವರ್ಗ ಮಾಡುವ ಶ್ರಮ ಬೇಡ. 595ಕ್ಕೆ 764 + 765, ಅಂದರೆ 1,529 ಕೂಡಿದರೆ ಸಾಕು: 2,124. 46ರ ವರ್ಗ 2,116, 47ರದು 2,209, ನಡುವೆ ಬಿತ್ತು. ಮುಂದೆ 1,531 ಕೂಡಿ: 3,655. ಇದರ ಕೊನೆಗೂ 25 ಇಲ್ಲ.

ಹೀಗೆ ಪ್ರತಿ ಸಲ ಮುಂದಿನ ಬೆಸ ಸಂಖ್ಯೆಯನ್ನು ಕೂಡುತ್ತ ಹೋಗಬೇಕು. 2, 3, 7, 8ರಲ್ಲಿ ಮುಗಿದರೆ ನೋಡದೆಯೇ ಬಿಡಬಹುದು; ಪೂರ್ಣವರ್ಗಗಳು ಆ ಅಂಕಿಗಳಲ್ಲಿ ಮುಗಿಯುವುದೇ ಇಲ್ಲ. ಇಪ್ಪತ್ತೆರಡನೆಯ ಹೆಜ್ಜೆಯಲ್ಲಿ, 785ಕ್ಕೆ ಬಂದಾಗ, 33,124 ಸಿಗುತ್ತದೆ. ಇದು 182ರ ವರ್ಗ. ಹಾಗಾದರೆ 5,83,101 = 785² − 182² = 603 × 967. ಇಲ್ಲಿ 603 ಎಂದರೆ 9 × 67.

ಒಂದು ಸಲವೂ ಭಾಗಿಸದೆ, ಕೂಡುತ್ತ ಹೋಗಿಯೇ ಸಂಖ್ಯೆ ಒಡೆಯಿತು. ಎರಡು ಅಪವರ್ತನಗಳು ಒಂದಕ್ಕೊಂದು ಹತ್ತಿರ ಇದ್ದಷ್ಟೂ ಈ ದಾರಿ ಬೇಗ ಮುಗಿಯುತ್ತದೆ, ದೂರವಿದ್ದರೆ ಕಾಲು ಸೋಲುತ್ತದೆ.

ಒಟ್ಟು ಎಷ್ಟು ಭಾಜಕಗಳಿವೆ?

ಹನ್ನೆರಡು: 1, 3, 9, 67, 201, 603, 967, 2,901, 8,703, 64,789, 1,94,367 ಮತ್ತು 5,83,101. ಎಣಿಸುವ ಸೂತ್ರ ಸುಲಭ. 3 ಎರಡು ಸಲ ಬಂದಿದೆ, ಅದನ್ನು ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು: ಮೂರು ಆಯ್ಕೆ. 67 ಮತ್ತು 967ಕ್ಕೆ ಎರಡೆರಡು. 3 × 2 × 2 = 12.

ಸಿರುಗುಪ್ಪದ ಕಡೆಯ ರೈತರೊಬ್ಬರಿಗೆ ಇದನ್ನು ಹೇಳಿದ್ದು ಹೀಗೆ. ನಿಮ್ಮ ಬಳಿ 5,83,101 ಮೆಣಸಿನ ಸಸಿಗಳಿವೆ, ಎಲ್ಲ ಸಾಲಿನಲ್ಲೂ ಸಮನಾಗಿ ನೆಡಬೇಕು, ಒಂದೂ ಉಳಿಯಬಾರದು. ಹೊಲ ಆದಷ್ಟು ಚೌಕವಾಗಿ ಕಾಣಬೇಕೆಂದರೆ 603 ಸಾಲು, ಸಾಲಿಗೆ 967. ಅದು ಬೇಡವೆಂದರೆ ಮುಂದಿನದು 201 ಸಾಲು, ಸಾಲಿಗೆ 2,901. ನಡುವೆ ಬೇರೆ ಆಯ್ಕೆಯೇ ಇಲ್ಲ.

ಇದು ಪರಿಪೂರ್ಣ ಸಂಖ್ಯೆಯೇ?

ಅಲ್ಲ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೇ ಸಮನಾದರೆ ಪರಿಪೂರ್ಣ ಎನ್ನುತ್ತಾರೆ. 6 ಮತ್ತು 28 ಹಾಗಿವೆ. ನಮ್ಮ ಸಂಖ್ಯೆಯ ಉಳಿದ ಹನ್ನೊಂದು ಭಾಜಕಗಳ ಮೊತ್ತ 2,72,611. ಅರ್ಧಕ್ಕೂ ತಲುಪುವುದಿಲ್ಲ, ಹಾಗಾಗಿ ಇದು ಕೊರತೆಯ ಸಂಖ್ಯೆ. ಇಷ್ಟಕ್ಕೂ ಬೆಸ ಪರಿಪೂರ್ಣ ಸಂಖ್ಯೆ ಒಂದೂ ಇದುವರೆಗೆ ಸಿಕ್ಕಿಲ್ಲ, ಇರಲು ಸಾಧ್ಯವೇ ಇಲ್ಲ ಎಂದೂ ಯಾರೂ ಸಾಧಿಸಿಲ್ಲ.

ಅಕ್ಕಪಕ್ಕದ ಸಂಖ್ಯೆಗಳು ಹೇಗಿವೆ?

ಇದನ್ನು ಕೇಳುವವರು ಕಡಿಮೆ, ಕೇಳಿದವರಿಗೆ ನಾನು ಬಹಳ ಹೊತ್ತು ಉತ್ತರಿಸುತ್ತೇನೆ. ಒಂದು ಕಡಿಮೆಯಿರುವ 5,83,100 = 2² × 5² × 7³ × 17. ಆರಂಕಿಯ ಸಂಖ್ಯೆಯಾದರೂ ಅದರ ಅತಿ ದೊಡ್ಡ ಅವಿಭಾಜ್ಯ ಅಪವರ್ತನ 17! ಭಾಜಕಗಳು 72. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 9,79,300, ತನಗಿಂತ ಎಷ್ಟೋ ಹೆಚ್ಚು. ಒಂದು ಹೆಚ್ಚಿರುವ 5,83,102 = 2 × 13 × 41 × 547.

ಮೂರು ಸಂಖ್ಯೆ ಒಂದರ ಪಕ್ಕ ಒಂದು ನಿಂತಿವೆ, ಒಂದರ ಅವಿಭಾಜ್ಯ ಅಪವರ್ತನವೂ ಇನ್ನೊಂದರಲ್ಲಿಲ್ಲ. 5,83,100 ಮತ್ತು 5,83,102ಕ್ಕೆ ಸಾಮಾನ್ಯವಾಗಿರುವ 2ನ್ನು ಮಾತ್ರ ಬಿಡಬೇಕು. ಒಂದನ್ನು ಕೂಡಿದ ಮಾತ್ರಕ್ಕೆ ಒಳಗಿನ ರಚನೆ ಪೂರ್ತಿ ಬದಲಾಗುತ್ತದೆ. ಕೂಡುವಿಕೆಗೂ ಗುಣಾಕಾರಕ್ಕೂ ನಡುವಿನ ಈ ದೂರವೇ ಸಂಖ್ಯಾಶಾಸ್ತ್ರದ ಬಹುಪಾಲು ಕಷ್ಟದ ಪ್ರಶ್ನೆಗಳ ಬೇರು.

ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ?

ಸಾಧ್ಯವಿಲ್ಲ. ಯಾವುದೇ ವರ್ಗವನ್ನು 4ರಿಂದ ಭಾಗಿಸಿದರೆ ಶೇಷ 0 ಅಥವಾ 1. ಎರಡು ವರ್ಗ ಕೂಡಿದರೆ 0, 1 ಅಥವಾ 2. ಎಂದಿಗೂ 3 ಬರುವುದಿಲ್ಲ. ನಮ್ಮ ಸಂಖ್ಯೆಗೆ ಶೇಷ 1, ಹಾಗಾಗಿ ಈ ಮೊದಲ ಪರೀಕ್ಷೆಯಲ್ಲಿ ಪಾಸು. ಆದರೆ ಎರಡನೆಯ ಪರೀಕ್ಷೆ ಬಿಗಿಯಾದದ್ದು: 4ರಿಂದ ಭಾಗಿಸಿದಾಗ ಶೇಷ 3 ಬರುವ ಅವಿಭಾಜ್ಯಗಳೆಲ್ಲ ಸಮ ಸಲವೇ ಬರಬೇಕು. 3 ಎರಡು ಸಲ ಬಂದಿದೆ, ಸರಿ. 67 ಒಂದೇ ಸಲ ಬಂದಿದೆ, 967 ಕೂಡ. ಅಲ್ಲಿಗೆ ಬಾಗಿಲು ಮುಚ್ಚಿತು.

ಮೂರು ವರ್ಗಗಳಾದರೆ ಬರುತ್ತದೆ: 756² + 99² + 42² = 5,71,536 + 9,801 + 1,764 = 5,83,101. ಇದನ್ನು ಹುಡುಕಿದ್ದು 64,789 = 252² + 33² + 14² ಎಂಬುದರಿಂದ; ಮೂರನ್ನೂ 3ರಿಂದ ಗುಣಿಸಿದರೆ ವರ್ಗಗಳು 9 ಪಟ್ಟಾಗುತ್ತವೆ.

ಅನುಕ್ರಮ ಸಂಖ್ಯೆಗಳ ಮೊತ್ತವಾಗಿ?

ಹನ್ನೊಂದು ಬಗೆಯಲ್ಲಿ ಬರೆಯಬಹುದು. ಅತಿ ಚಿಕ್ಕದು 2,91,550 + 2,91,551. ಅತಿ ಉದ್ದದ್ದು 120ರಿಂದ 1,086ರವರೆಗಿನ ಎಲ್ಲ 967 ಸಂಖ್ಯೆಗಳ ಮೊತ್ತ. ಅವುಗಳ ಸರಾಸರಿ 603 ಎಂಬುದನ್ನು ಗಮನಿಸಿದರೆ ಹಳೆಯ 603 × 967 ಮತ್ತೆ ಕಾಣುತ್ತದೆ.

ಅಂಕಿಗಳನ್ನು ಕೂಡಿದರೆ 18, ಮತ್ತೆ ಕೂಡಿದರೆ 9. ಇದು ಶುಭವೇ?

ಗಾಡಿಯ ನಂಬರಿಗೆ ಹೆಚ್ಚು ದುಡ್ಡು ಕೊಡುವ ಮುನ್ನ ಹಲವರು ಕೇಳುವ ಪ್ರಶ್ನೆ. ನೇರವಾಗಿ ಹೇಳುತ್ತೇನೆ: ಮೊತ್ತ 9 ಬಂತು ಎಂದರೆ ಸಂಖ್ಯೆ 9ರಿಂದ ಭಾಗವಾಗುತ್ತದೆ ಎಂದಷ್ಟೇ ಅರ್ಥ.

ಏಕೆಂದು ಬಿಡಿಸಿ ನೋಡಿ. ಐದು ಲಕ್ಷ ಎಂದರೆ 5 × 99,999 ಮತ್ತು ಮೇಲೊಂದು 5. ಎಂಬತ್ತು ಸಾವಿರ ಎಂದರೆ 8 × 9,999 ಮತ್ತು ಮೇಲೊಂದು 8. ಮೂರು ಸಾವಿರ, ನೂರು, ಎಲ್ಲವೂ ಹಾಗೆಯೇ. 99,999, 9,999, 999, 99 ಎಲ್ಲ 9ರ ಗುಣಕಗಳು. ಅವನ್ನು ತೆಗೆದಿಟ್ಟರೆ ಉಳಿಯುವುದು ಅಂಕಿಗಳ ಮೊತ್ತ ಮಾತ್ರ.

ಇದು ನಡೆಯುವುದು ನಾವು ಹತ್ತರ ಆಧಾರದಲ್ಲಿ ಬರೆಯುವುದರಿಂದ. ಇದೇ ಸಂಖ್ಯೆಯನ್ನು ಎಂಟರ ಆಧಾರದಲ್ಲಿ ಬರೆದರೆ 2162675. ಅಂಕಿಗಳ ಮೊತ್ತ 29, ಹತ್ತರ ರೀತಿಯಲ್ಲಿ ಮತ್ತೆ ಕೂಡುತ್ತ ಹೋದರೆ 11, ಆಮೇಲೆ 2. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ 10001110010110111101. ಅದರಲ್ಲಿ ಹನ್ನೆರಡು ಒಂದುಗಳಿವೆ. ಸಂಖ್ಯೆ ಅದೇ, ಮೊತ್ತ ಬೇರೆ ಬೇರೆ. 9 ಭಾಗಿಸುತ್ತದೆ ಎಂಬುದು ಮಾತ್ರ ಎಲ್ಲ ಆಧಾರದಲ್ಲೂ ಸತ್ಯ. ಬರವಣಿಗೆ ಬದಲಾದರೆ ಬದಲಾಗುವ ಶುಭಕ್ಕೆ ದುಡ್ಡು ಕೊಡಬೇಡಿ.

ತಿರುಗಿಸಿ ಕೂಡಿದರೆ ಏನಾಗುತ್ತದೆ?

583101ನ್ನು ಹಿಂದುಮುಂದಾಗಿ ಬರೆದರೆ 101385. ಎರಡನ್ನೂ ಕೂಡಿ: 684486. ವಿಕಟಕವಿ ಎಂಬ ಪದದಂತೆ ಎರಡೂ ಕಡೆಯಿಂದ ಒಂದೇ! ಕಾರಣ ಸರಳ. 5+1, 8+0, 3+1 ಯಾವುದರಲ್ಲೂ ದಶಕ ಬರಲಿಲ್ಲ, ಹಾಗಾಗಿ ಎಡದಲ್ಲಿ ಬಂದದ್ದೇ ಬಲದಲ್ಲೂ ಬಂತು. ರಾಯಚೂರಿಗೂ ಒಂದೇ ಹೆಜ್ಜೆ: 584101 + 101485 = 685586. ಕೊಪ್ಪಳಕ್ಕೆ ದಶಕಗಳು ಬರುವುದರಿಂದ ಮೂರು ಹೆಜ್ಜೆ ಬೇಕು: 715616, ನಂತರ 1332133, ನಂತರ 4644464. ಎಲ್ಲ ಸಂಖ್ಯೆಗಳೂ ಹೀಗೆ ದಡ ಸೇರುತ್ತವೆ ಎಂದುಕೊಳ್ಳಬೇಡಿ. 196 ಎಂಬ ಪುಟ್ಟ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ಕೋಟಿಗಟ್ಟಲೆ ಅಂಕಿಗಳವರೆಗೆ ಬೆಳೆಸಿದರೂ ವಿಕಟಕವಿ ಸಿಕ್ಕಿಲ್ಲ.

ಇಂಥ ಸಂಖ್ಯೆಗಳ ಸೊಗಸು ನಮ್ಮ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯ ಹಾರದಂತೆ ಜೋಡಣೆಯಾಗುವ ಗುಣಲಬ್ಧಗಳನ್ನು ಕೊಟ್ಟಿದ್ದಾನೆ: 27994681 × 441 = 12345654321. ಅದೇ ಅಮೋಘವರ್ಷನ ಆಸ್ಥಾನದ ಕನ್ನಡ ಲಕ್ಷಣಗ್ರಂಥ ಕವಿರಾಜಮಾರ್ಗ, ತಿರುಳ್ಗನ್ನಡದ ಅಂದರೆ ಅಚ್ಚಗನ್ನಡದ ನಾಡಿನ ಊರುಗಳಲ್ಲಿ ಕೊಪಣವನ್ನು, ಅಂದರೆ ಇಂದಿನ ಕೊಪ್ಪಳವನ್ನು ಹೆಸರಿಸುತ್ತದೆ.

ಕಾಪ್ರೇಕರ್ ಆಟ ಇದಕ್ಕೆ ನಡೆಯುತ್ತದೆಯೇ?

ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದ. ರಾ. ಕಾಪ್ರೇಕರ್ ಅವರ 6174 ಹೆಸರುವಾಸಿ. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಏರಿಕೆ ಕ್ರಮದ್ದನ್ನು ಕಳೆಯಬೇಕು; ಬಂದದ್ದಕ್ಕೆ ಮತ್ತೆ ಹಾಗೆಯೇ. ನಾಲ್ಕಂಕಿಯಲ್ಲಿ, ಎಲ್ಲ ಅಂಕಿಗಳೂ ಒಂದೇ ಆಗಿರದಿದ್ದರೆ, ಕೊನೆಗೆ 6174ಕ್ಕೇ ಬಂದು ನಿಲ್ಲುತ್ತದೆ.

ಆರಂಕಿಯಲ್ಲಿ ಅಷ್ಟು ಸರಳವಿಲ್ಲ. ನಿಲ್ಲುವ ಜಾಗಗಳು ಎರಡು, 549945 ಮತ್ತು 631764; ಜೊತೆಗೆ ಏಳು ಸಂಖ್ಯೆಗಳ ಒಂದು ಸುತ್ತು. ಬಳ್ಳಾರಿಯದು ಆ ಸುತ್ತಿಗೆ ಬೀಳುತ್ತದೆ. 853110 − 011358 = 841752. ಮುಂದೆ 875421 − 124578 = 750843. ಇಲ್ಲಿಂದ 840852, 860832, 862632, 642654, 420876, 851742, ಮತ್ತೆ 750843. ಇನ್ನೆಂದೂ ಹೊರಬರುವುದಿಲ್ಲ.

ಇದೆಲ್ಲದರಿಂದ ಉಪಯೋಗ?

ನಿಮ್ಮ ಬ್ಯಾಂಕಿನ ಜಾಲತಾಣ ಅಸಲಿಯೇ ಎಂದು ಬ್ರೌಸರ್ ಪರೀಕ್ಷಿಸುವಾಗ ಬಳಕೆಯಾಗುವ ವಿಧಾನಗಳಲ್ಲಿ 1977ರ ಆರ್‌ಎಸ್‌ಎ ಒಂದು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಮರಳಿ ಒಡೆಯುವುದು ಕಷ್ಟ ಎಂಬುದರ ಮೇಲೆ ಅದು ನಿಂತಿದೆ. ನಾವು 67 × 967 ಹುಡುಕಿದ್ದು ಒಂದು ಹಾಳೆಯಲ್ಲಿ. ಸವಾಲಾಗಿ ಪ್ರಕಟಿಸಿದ್ದ 250 ಅಂಕಿಗಳ ಸಂಖ್ಯೆಯೊಂದನ್ನು 2020ರಲ್ಲಿ ಒಡೆದಾಗ ಹಿಡಿದ ಗಣನೆ, ಒಂದೇ ಕಂಪ್ಯೂಟರ್ ಕೋರ್ ಮಾಡಿದ್ದರೆ ಸುಮಾರು 2,700 ವರ್ಷ. ಈಗ ಸಾಮಾನ್ಯವಾಗಿ ಬಳಸುವುದು 617 ಅಂಕಿಗಳದ್ದು. ಅದಕ್ಕೆ ಆರಿಸುವ ಎರಡು ಅವಿಭಾಜ್ಯಗಳು ತೀರ ಹತ್ತಿರ ಇರಬಾರದು ಎಂಬ ನಿಯಮವಿದೆ. ಇದ್ದರೆ ಮೇಲೆ ಮಾಡಿದ ಫರ್ಮಾನ ಕೂಡುವ ದಾರಿಯಲ್ಲೇ ಬೀಗ ತೆರೆದುಕೊಳ್ಳುತ್ತದೆ.

ರಾಯಚೂರು, ಕೊಪ್ಪಳದ ಸಂಖ್ಯೆಗಳು?

ರಾಯಚೂರಿನ 5,84,101 = 7 × 83,443, ಇದರಲ್ಲಿ 83,443 ಅವಿಭಾಜ್ಯ. ಅದನ್ನು ಸಾಧಿಸಲು 283ರವರೆಗೆ ಹಚ್ಚಿ ನೋಡಬೇಕು, ತಾಳ್ಮೆ ಬೇಕು. ಕೊಪ್ಪಳದ 5,83,231 = 11 × 37 × 1,433.

ಮೂರೂ ಪರಸ್ಪರ ಸಹ ಅವಿಭಾಜ್ಯಗಳು, ಅಂದರೆ ಯಾವ ಎರಡನ್ನು ತೆಗೆದುಕೊಂಡರೂ 1 ಬಿಟ್ಟು ಬೇರೆ ಸಾಮಾನ್ಯ ಭಾಜಕವಿಲ್ಲ. ಇದನ್ನು ತಿಳಿಯಲು ಬಿಡಿಸುವುದೂ ಬೇಕಿಲ್ಲ, ಕಳೆದರೆ ಸಾಕು. ರಾಯಚೂರಿನದರಿಂದ ಬಳ್ಳಾರಿಯದನ್ನು ಕಳೆದರೆ 1,000. ಎರಡನ್ನೂ ಭಾಗಿಸುವ ಸಂಖ್ಯೆ ಇದನ್ನೂ ಭಾಗಿಸಬೇಕು. 1,000ದ ಅವಿಭಾಜ್ಯಗಳು 2 ಮತ್ತು 5 ಮಾತ್ರ. 1ರಲ್ಲಿ ಮುಗಿಯುವ ಸಂಖ್ಯೆಯನ್ನು ಅವು ಭಾಗಿಸಲಾರವು. ಆದ್ದರಿಂದ ಈ ಎರಡರ ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) 1.

ಹರ್ಷದ್ ಸಂಖ್ಯೆ ಎಂದರೇನು? ನಮ್ಮದು ಆ ಗುಂಪಿಗೆ ಸೇರುತ್ತದೆಯೇ?

ತನ್ನ ಅಂಕಿಗಳ ಮೊತ್ತದಿಂದ ತಾನು ಭಾಗವಾಗುವ ಸಂಖ್ಯೆಗೆ ಕಾಪ್ರೇಕರ್ ಇಟ್ಟ ಹೆಸರು. ಬಳ್ಳಾರಿಯ ಮೊತ್ತ 18, ಸಂಖ್ಯೆ ಬೆಸ, ಸೇರುವುದಿಲ್ಲ. ಕೊಪ್ಪಳದ ಮೊತ್ತ 22, ಅದೇ ಕಾರಣಕ್ಕೆ ಸೇರುವುದಿಲ್ಲ. ರಾಯಚೂರಿನ ಮೊತ್ತ 19, ಭಾಗಿಸಿದರೆ ಶೇಷ 3. ಸೇರುವುದು ಗಂಗಾವತಿಯ 583227: ಮೊತ್ತ 27, ಮತ್ತು 5,83,227 = 27 × 21,601. ಇಲ್ಲಿ 21,601 ಅವಿಭಾಜ್ಯ. 139ರವರೆಗೆ ಹಚ್ಚಿ ನೋಡಿದರೆ ನಿಮಗೇ ಖಾತ್ರಿಯಾಗುತ್ತದೆ.